ನಿಜಬಿಲ್ಲೆ

"ಆರಾಮ ಇದ್ದೀಯೇನವಾ?" ಎಂದು ಪ್ರಾಂಶುಪಾಲರು ಕೇಳಿದರು.

"ಆರಾಮ್ರೀ ಸರ್," ಎಂದಳು ನೀಲಗಂಗಾ.

"ಸುಳ್ಳು! ಆರಾಮಿಲ್ಲ!" ಎಂದು ಅವಳ ಎದೆಯ ಮೇಲಿನ ಬಿಲ್ಲೆ ಇಡೀ ಸಭೆಗೆ ಕೇಳುವಂತೆ ಚೀರಿತು.

ಅದೇ ನಿಜಬಿಲ್ಲೆ. ಗಾತ್ರ ಅಂಗಿಯ ದೊಡ್ಡ ಗುಂಡಿಯಷ್ಟು. ಧರಿಸಿದವರ ನಾಡಿ, ಬೆವರು, ದನಿಯ ನಡುಕ ಮೂರನ್ನೂ ಅಳೆದು, ಬಾಯಿ ಹೇಳಿದ್ದಕ್ಕೂ ಮೈ ಹೇಳುವುದಕ್ಕೂ ತಾಳೆಯಾಗದಿದ್ದರೆ ಕೂಗಿಬಿಡುತ್ತಿತ್ತು. ವಿದ್ಯಾರ್ಥಿ ನಾಯಕರು ಊರ ಉಸಾಬರಿಯನ್ನೆಲ್ಲ ಮೈಮೇಲೆ ಎಳೆದುಕೊಂಡು ಒಳಗೊಳಗೇ ಸೊರಗುತ್ತಾರೆಂದು ಕಾಲೇಜಿನ ವೈದ್ಯ ಡಾ. ಚನ್ನಮಲ್ಲಪ್ಪ ಇದನ್ನು ಕಂಡುಹಿಡಿದು, ಗದಗ ಸೀಮೆಯ ಆ ಕಾಲೇಜಿನ ಹನ್ನೆರಡು ಮಂದಿ ನಾಯಕರಿಗೂ ತೊಡಿಸಿದ್ದರು. ಮೂರು ಸಲ ಸಿಕ್ಕಿಬಿದ್ದರೆ ಒಂದು ತಿಂಗಳು ಕಡ್ಡಾಯ ವಿಶ್ರಾಂತಿ, ಹುದ್ದೆ ಬೇರೆಯವರಿಗೆ.

ವಿದ್ಯಾರ್ಥಿ ಸಂಘದ ಅಧ್ಯಕ್ಷೆ ನೀಲಗಂಗಾ ಸಿಕ್ಕಿಬಿದ್ದದ್ದು ಇದು ಎರಡನೆಯ ಸಲ. ಯುವಜನೋತ್ಸವಕ್ಕೆ ಇನ್ನೈದೇ ದಿನ. ಎಂಟು ತಿಂಗಳು ಒದ್ದಾಡಿ ಕಟ್ಟಿದ ಹಬ್ಬವನ್ನು ಈಗ ಬೇರೆಯವರ ಕೈಗೆ ಕೊಡುವುದೇ? ಛೇ, ಪ್ರಾಣ ಹೋದರೂ ಇಲ್ಲ!

"ಸರ್, ನಮ್ಮ ಕಡೆ 'ಆರಾಮ' ಅನ್ನೋದು ಉತ್ತರ ಅಲ್ರೀ, ನಮಸ್ಕಾರ ಇದ್ದಂಗ," ಎಂದು ವಾದಿಸಿದಳು.

"ಯಂತ್ರಕ್ಕ ಅದೆಲ್ಲಾ ತಿಳಿಯೂದಿಲ್ಲವಾ," ಎಂದರು ಪ್ರಾಂಶುಪಾಲರ ಪಕ್ಕದಲ್ಲಿದ್ದ ಡಾ. ಚನ್ನಮಲ್ಲಪ್ಪ.

ಹಾಗಾದರೆ ಯಾರೂ ತನ್ನನ್ನು ಕೇಳದಂತೆ ನೋಡಿಕೊಂಡರಾಯಿತು! ಆದರೆ ಆ ಸೀಮೆಯಲ್ಲಿ 'ಆರಾಮ?' ಎನ್ನದೆ ಯಾರೂ ಬೆಂಕಿಪೊಟ್ಟಣವನ್ನೂ ಬೇಡುವುದಿಲ್ಲ. ನೀಲಗಂಗಾ ಜನರನ್ನು ಕಂಡರೆ ಓಣಿ ಬದಲಿಸಿದಳು, ಸತ್ತ ಫೋನನ್ನು ಕಿವಿಗಿಟ್ಟು ಹರಟಿದಳು, ಹಿಂದಿ ಮೇಡಂಗೆ ಹೆದರಿ ವೇದಿಕೆಯ ಪರದೆಯ ಹಿಂದೆ ಅರ್ಧ ಗಂಟೆ ನಿಂತಳು. ಮಾರನೆಯ ದಿನ ಹಸಿವು ತಾಳದೆ, ಎಲ್ಲರೂ ಉಂಡು ಹೋದ ಮೇಲೆ ಹಾಸ್ಟೆಲಿನ ಅಡುಗೆಮನೆಗೆ ಕಳ್ಳಬೆಕ್ಕಿನಂತೆ ನುಗ್ಗಿದಳು. ಅಡುಗೆಯ ಬಸಲಿಂಗವ್ವ ಸೌಟು ಹಿಡಿದು ಅಲ್ಲೇ ನಿಂತಿದ್ದಳು.

"ಉಂಡೀಯೇನ ಮಗಳ?"

'ಉಂಡೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನೀಲಗಂಗಾ ಅದನ್ನು ನುಂಗಿದಳು.

"ಇಲ್ಲಬೇ. ನಿನ್ನೆಯಿಂದ ಉಂಡಿಲ್ಲ. ನಿದ್ದಿ ಇಲ್ಲ. ಭಾಳ ಅಂಜಿಕಿ ಬರ್ತೈತಿ," ಎಂದವಳೇ ಗೊಳೋ ಎಂದು ಅತ್ತುಬಿಟ್ಟಳು.

ಬಿಲ್ಲೆ ಸುಮ್ಮನಿತ್ತು. ನಿಜ ಹೇಳಿದವರ ಮೇಲೆ ಅದು ಯಾಕೆ ಕೂಗೀತು?

"ಮದಲಽ ಹೇಳಿದ್ರ ನಿನ್ನ ಗಂಟೇನ ಹೋಗ್ತಿತ್ತು?" ಎಂದು ಬೈಯುತ್ತ ಬಸಲಿಂಗವ್ವ ಬಿಸಿ ರೊಟ್ಟಿ ತಟ್ಟಿಕೊಟ್ಟಳು.

ಮರುದಿನ ನೀಲಗಂಗಾ ಉಳಿದ ಹನ್ನೊಂದು ಮಂದಿ ನಾಯಕರಿಗೂ ಗುಟ್ಟು ಬಿಟ್ಟುಕೊಟ್ಟಳು: "ಖರೇ ಹೇಳ್ರಿ, ಅದು ಬಾಯಿ ಮುಚ್ಚತೈತಿ." ಖರೇ ಹೇಳತೊಡಗಿದ ಮೇಲೆ ಯಾರಿಗೆ ಯಾವ ಕೆಲಸ ಭಾರವೆಂದು ಗೊತ್ತಾಯಿತು. ಹಂಚಿಕೊಂಡರು. ಉತ್ಸವ ಸಾಂಗವಾಗಿ ನಡೆಯಿತು. ಮುಖ್ಯ ಅತಿಥಿಗಳ ಭಾಷಣದಲ್ಲಿ ಅಧ್ಯಕ್ಷೆ ಎದುರು ಸಾಲಿನಲ್ಲೇ ಸೊಗಸಾಗಿ ನಿದ್ದೆ ಮಾಡಿದಳು.

ಅತ್ತ ಡಾ. ಚನ್ನಮಲ್ಲಪ್ಪ ತಲೆಯ ಮೇಲೆ ಕೈಹೊತ್ತು ಊಟದ ಹಾಲಿಗೆ ಬಂದರು. ಮೂರು ದಿನದಿಂದ ಒಂದು ಬಿಲ್ಲೆಯೂ ಪಿಟ್ಟೆಂದಿರಲಿಲ್ಲ. ಹನ್ನೆರಡೂ ಕೆಟ್ಟಿವೆ, ಆರು ವರ್ಷದ ದುಡಿಮೆ ನೀರುಪಾಲು! ಪರೀಕ್ಷಿಸಲೆಂದು ನೀಲಗಂಗಾಳ ಬಿಲ್ಲೆಯನ್ನು ಇಸಿದುಕೊಂಡು ತಮ್ಮ ಅಂಗಿಗೇ ಸಿಕ್ಕಿಸಿಕೊಂಡರು.

ಬಸಲಿಂಗವ್ವ ಅವರ ಮೋರೆ ನೋಡಿ ಕೇಳಿದಳು: "ಯಾಕ್ರೀ ಸಾಹೇಬ್ರ, ಆರಾಮ ಇದ್ದೀರಿಲ್ಲೋ?"

"ಆರಾಮವಾ, ಆರಾಮ."

"ಸುಳ್ಳು! ಆರಾಮಿಲ್ಲ!"

ಹಾಲಿಗೆ ಹಾಲೇ ಗೊಳ್ಳೆಂದಿತು. ನೀಲಗಂಗಾ ಮಾತ್ರ ನಗಲಿಲ್ಲ. ಒಂದು ತಾಟು ತಂದು ಅವರ ಮುಂದಿಟ್ಟು, ಪಕ್ಕದಲ್ಲಿ ಕೂತಳು.

"ಈಗ ಖರೇ ಹೇಳ್ರಿ ಸರ್," ಎಂದಳು. "ಯಾವಾಗ ಉಂಡೀರಿ?"