ಸ್ಕ್ರಿಪ್ಟಿನ ಕೊನೆಯ ಸಾಲು

"ಫರ್ಗಸ್ ಮೇಲೆ ನಿಂಗ್ಯಾಕೇ ಅಷ್ಟು ಕೋಪ?" ಎಂದು ಥೆಲ್ಮಾ ಕೇಳಿದಾಗ ನಾನು ಸ್ಕ್ಯಾಲಪ್ ಎಂಬ ಚಿಪ್ಪುಮೀನಿನ ಪೈ ತಿನ್ನುತ್ತಿದ್ದೆ.

ಕೋಪವಂತೆ. ಹಡಗು ಹತ್ತಿ ಹೋದಾಗಿನಿಂದ ಒಂದು ಮಾತಿಲ್ಲ, ಕತೆಯಿಲ್ಲ, ತೆಪ್ಪಗೆ ಕೂತುಬಿಟ್ಟವನು ಅವನು. ಬೇಸಿಗೆಯೆಲ್ಲ ನಾನು ಹೋಬಾರ್ಟಿನ ಈ ಹಡಗುಕಟ್ಟೆಯ ಬೆಂಚಿನ ಮೇಲೆ ಒಬ್ಬಳೇ ಕೂತು ಪೈ ತಿಂದಿದ್ದೇನೆ. ಪಕ್ಕದಲ್ಲಿ ಕೂರುತ್ತಿದ್ದದ್ದು ಸೀಗಲ್ ಹಕ್ಕಿ ಮಾತ್ರ, ಅದೂ ಪೈ ಆಸೆಗೆ.

"ಕೋಪ ಇರೋದು ನಂಗಲ್ಲ, ಅವನಿಗೆ," ಎಂದೆ. "ನೀವು ದಿನಾ ಮಾತಾಡ್ತೀರಲ್ಲ ಅವನ ಜೊತೆ, ಕೇಳಿ ನೋಡಿ."

ಥೆಲ್ಮಾ ನಮ್ಮ ಆಫೀಸಿನ ರೇಡಿಯೋ ಕೋಣೆಯ ಒಡತಿ. ದಕ್ಷಿಣ ಧ್ರುವದ ಕಡೆಯ ಹಿಮದಲ್ಲಿರುವ ಎಲ್ಲ ಸ್ಟೇಷನ್ನುಗಳ ಜೊತೆ ಮಾತಾಡುವುದು ಅವಳ ಕೆಲಸ. ಅವಳು ನನ್ನ ಪಕ್ಕ ಧೊಪ್ಪನೆ ಕೂತಳು.

"ನಾನೇನು ಕೇಳೋದು, ಅವನೇ ಕೇಳ್ತಾನೆ. ಮೆರಿನ್ ಹುಷಾರಾಗಿದಾಳಾ ಅಂತ. ನಿಂಗೆ ಹೇಳ್ಬೇಡಿ ಅಂತ ಬೇರೆ ಅಂದಿದ್ದ. ಎಷ್ಟು ದಿನ ಅಂತ ಹೊಟ್ಟೇಲಿ ಇಟ್ಕೊಳ್ಳಲಿ? ಎಲ್ಲಾ ಸ್ಟೇಷನ್ನಿಗೂ ದಿನಾ ನಿನ್ನ ಹಿಮದ ಮುನ್ಸೂಚನೆ ಹೋಗತ್ತೆ, ಅವನೊಬ್ಬನಿಗೆ ಹೋಗಲ್ಲ. ಹಡಗು ಹೊರಟ ದಿನದಿಂದ ಒಂದೂ ಹೋಗಿಲ್ಲ. ಹಂಗೆಲ್ಲ ಮಾಡ್ತಾರೇನೇ ಯಾರಾದ್ರೂ?"

ನನ್ನ ಕೈಯಲ್ಲಿದ್ದ ಪೈ ಸೀಗಲ್ ಪಾಲಾಯಿತು.

* * *

ಸಮುದ್ರದ ಮೇಲಿನ ಹಿಮ ನಾಳೆ ಎತ್ತ ಸರಿಯುತ್ತದೆ ಎಂದು ಹೇಳುವುದು ನಮ್ಮ ಆಫೀಸಿನ ಕೆಲಸ. ಅದಕ್ಕೆ ಹಳೆಯ ಪ್ರೋಗ್ರಾಮುಗಳಿವೆ: ಗಾಳಿಗೆ ಒಂದು, ನೀರಿನ ಸೆಳೆತಕ್ಕೆ ಒಂದು, ನಕ್ಷೆ ಬಿಡಿಸಲು ಇನ್ನೊಂದು. ಅವನ್ನು ಬರೆದವರೆಲ್ಲ ಯಾವತ್ತೋ ನಿವೃತ್ತರಾಗಿ ಸೇಬಿನ ತೋಟ ಮಾಡಿಕೊಂಡಿದ್ದಾರೆ. ನಾನು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಇವನ್ನು ಮುಟ್ಟುವುದಿಲ್ಲ. ಅದು ದಿನಾ ಬೆಳಿಗ್ಗೆ ಒಂದು ಫೈಲು ತೆರೆದು ಶೆಲ್ ಸ್ಕ್ರಿಪ್ಟು, ಅಂದರೆ ಕಂಪ್ಯೂಟರು ಮಾಡಬೇಕಾದ ಕೆಲಸಗಳ ಪಟ್ಟಿ, ಬರೆಯುತ್ತದೆ. ಮೊದಲು ಇದನ್ನು ಓಡಿಸು, ಆಮೇಲೆ ಅದನ್ನು, ಬಂದದ್ದನ್ನು ಹಡಗಿಗೆ ಕಳಿಸು, ಈ ಸ್ಟೇಷನ್ನಿಗೆ ಕಳಿಸು, ಆ ಸ್ಟೇಷನ್ನಿಗೆ ಕಳಿಸು, ಎಂದು ಸಾಲು ಸಾಲಾಗಿ. ಬರೆದು ಮುಗಿಸಿ, ಪಟ್ಟಿ ಓದಿ ಕೆಲಸ ಮಾಡುವ ಶೆಲ್ಲನ್ನು ಕರೆದು, ಹಿಡಿ, ಇದರಲ್ಲಿರುವಂತೆ ಮಾಡು ಎನ್ನುತ್ತದೆ.

ಫರ್ಗಸ್‌ಗೆ ಇದು ದೊಡ್ಡ ತಮಾಷೆ. ಅವನು ಹಿಮ ನೋಡುವವನು, ನನ್ನ ಪಕ್ಕದ ಮೇಜಿನವನು. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಕಾಫಿ ಲೋಟದ ಅಂಚಿನ ಮೇಲಿಂದ ನನ್ನನ್ನೇ ನೋಡುತ್ತಾ ರೇಗಿಸುವವನು. ಅವನ ಎಡಗಣ್ಣು ಬಲಗಣ್ಣಿಗಿಂತ ಒಂಚೂರು ಮೊದಲು ನಗುತ್ತದೆ. ಅದನ್ನು ನೋಡಬಾರದೆಂದು ನಾನು ಪರದೆ ನೋಡುತ್ತಿದ್ದೆ.

"ಅಲ್ಲ ಮಾರಾಯ್ತಿ, ಇನ್ನೊಬ್ರಿಗೆ ಕೆಲ್ಸ ಹೇಳೋಕೆ ಒಂದು ಪ್ರೋಗ್ರಾಮು. ಅದೂ ಬಾಯಲ್ಲಿ ಹೇಳಲ್ಲ, ಬರೆದು ಬೇರೆಯವರ ಕೈಲಿ ಕೊಡತ್ತೆ. ಥೇಟ್ ನಿನ್ ಥರಾನೇ."

"ನಾನೇನು ಮಾಡ್ದೆ?"

"ನನ್ ಹುಟ್ಟಿದಬ್ಬಕ್ಕೆ ಕೇಕ್ ತಂದವಳು ನೀನು, ಕೊಟ್ಟಿದ್ದು ಥೆಲ್ಮಾ. ಶನಿವಾರ ಸಿನಿಮಾಗೆ ಬರ್ತೀಯಾ ಅಂತ ನಾನು ನಿನ್ನ ಕೇಳಿದ್ರೆ, ಬರ್ತಾಳಂತೆ ಅಂತ ಥೆಲ್ಮಾ ಬಂದು ಹೇಳಿದ್ರು. ಸಿನಿಮಾಗೂ ಅವರನ್ನೇ ಕಳಿಸ್ತೀಯೇನೋ ಅಂತ ಹೆದರಿದ್ದೆ ನಾನು."

ಹೇಳಿದ್ದು ಸುಳ್ಳಲ್ಲ. ಮನಸ್ಸಿನಲ್ಲಿ ಎಲ್ಲ ಇರುತ್ತದೆ, ಬಾಯಿಗೆ ಬರುವಾಗ ಯಾರೋ ಬಾಗಿಲು ಹಾಕಿದಂತಾಗುತ್ತದೆ. ಚಿಕ್ಕಂದಿನಿಂದ ಹಾಗೆ. ಒಬ್ಬಳೇ ಇದ್ದು ಇದ್ದು ಅದೇ ರೂಢಿಯಾಗಿಬಿಟ್ಟಿದೆ.

ಅವನು ದಕ್ಷಿಣದ ಹೊಸ ಸ್ಟೇಷನ್ನಿಗೆ ಹೊರಡುವ ಹಿಂದಿನ ಸಂಜೆ ಇದೇ ಬೆಂಚಿನ ಮೇಲೆ ಕೂತಿದ್ದೆವು. ಬೆಟ್ಟದ ಗಾಳಿ ಬೀಸುತ್ತಿತ್ತು. ಅವನು ತನ್ನ ಮಫ್ಲರ್ ತೆಗೆದು ನನ್ನ ಕತ್ತಿಗೆ ಸುತ್ತಿದ. ಗಂಟು ಹಾಕಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

"ಬೇಸಿಗೆ ಮುಗಿದಾಗ ಹಡಗು ಮತ್ತೆ ಅಲ್ಲಿಗೆ ಬರತ್ತೆ. ಬಾ ಅಂತ ನೀನು ಹೇಳಿದ್ರೆ ಅದರಲ್ಲೇ ವಾಪಸ್ ಬರ್ತೀನಿ. ಇಲ್ಲಾಂದ್ರೆ ಚಳಿಗಾಲಕ್ಕೂ ಅಲ್ಲೇ ಇರ್ತೀನಿ ಅಂತ ಸೈನ್ ಹಾಕ್ಬಿಡ್ತೀನಿ."

ನಾನು ಬಾಯಿ ತೆರೆದೆ. ಬಂದ ಮಾತು: "ಹಡಗಿನ ಟೈಮು ಥೆಲ್ಮಾಗೆ ಗೊತ್ತಿರತ್ತೆ, ಕೇಳ್ತೀನಿ."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಕಟ್ಟೆಯ ಮುಂದೆ ಹರಿಯುವ ನದಿ ನೋಡಿದ. "ಹೋಗ್ಲಿ ಬಿಡು. ಬಾಯಲ್ಲಿ ಹೇಳೋದು ಬೇಡ. ನಿನ್ನ ಮುನ್ಸೂಚನೆ ದಿನಾ ಬರ್ತಿದ್ರೆ, ಬಾ ಅಂತಿದಾಳೆ ಅಂದ್ಕೋತೀನಿ. ಸರೀನಾ?"

ನಾನು ತಲೆಯಾಡಿಸಿದೆ. ಅಷ್ಟು ಸುಲಭದ ದಾರಿ ಕೊಟ್ಟಿದ್ದ ಪುಣ್ಯಾತ್ಮ.

ಮರುದಿನ ಹಡಗು ಬಿಡುವಾಗ ಆಫೀಸಿನವರೆಲ್ಲ ಕಟ್ಟೆಗೆ ಹೋದರು. ನಾನು ಹೋಗಲಿಲ್ಲ. ಅತ್ತುಬಿಟ್ಟರೆ ಏನು ಗತಿ ಎಂದು ಮೇಜಿನಲ್ಲೇ ಕೂತು, ಚೆನ್ನಾಗಿಯೇ ಓಡುತ್ತಿದ್ದ ಪ್ರೋಗ್ರಾಮನ್ನು ಚೊಕ್ಕ ಮಾಡತೊಡಗಿದೆ. ಆ ಸಾಲು ಇಲ್ಲಿಗೆ, ಈ ಸಾಲು ಅಲ್ಲಿಗೆ. ಕೊನೆಯಲ್ಲಿ ಅವನ ಹೊಸ ಸ್ಟೇಷನ್ನಿನ ಹೆಸರು ಸೇರಿಸಿದೆ. ಕಿಟಕಿಯಲ್ಲಿ ಕೆಂಪು ಹಡಗು ಚಿಕ್ಕದಾಗುತ್ತಾ ಹೋಯಿತು.

* * *

ಥೆಲ್ಮಾಳನ್ನು ಎಳೆದುಕೊಂಡೇ ಆಫೀಸಿಗೆ ಓಡಿದೆ. ಆ ಬೆಳಗಿನ ಸ್ಕ್ರಿಪ್ಟು ತೆರೆದು ತೋರಿಸಿದೆ.

"ನೋಡಿ, ಇಲ್ಲೇ ಇದೆಯಲ್ಲ ಅವನ ಸ್ಟೇಷನ್ನು. ಕೊನೇ ಸಾಲು. ಇದ್ದೇ ಇದೆ."

"ಇದ್ರೆ ಹೋಗ್ಬೇಕಿತ್ತಲ್ಲ."

ಅವನ ಬದಲು ಥೆಲ್ಮಾಳ ಕಂಪ್ಯೂಟರಿಗೆ ಹೋಗುವಂತೆ ಆ ಸಾಲನ್ನು ತಿದ್ದಿ, ಸ್ಕ್ರಿಪ್ಟನ್ನು ಕೈಯಾರೆ ಓಡಿಸಿದೆ. ಸರಿಯಾಗಿ ಹೋಯಿತು. ಅದೇ ತಿದ್ದುಪಡಿಯೊಂದಿಗೆ ನನ್ನ ಪ್ರೋಗ್ರಾಮಿನಿಂದ ಓಡಿಸಿದೆ. ಹೋಗಲಿಲ್ಲ. ಮತ್ತೆ ಫೈಲು ತೆರೆದರೆ ಕೊನೆಯ ಸಾಲು ನನ್ನನ್ನೇ ನೋಡುತ್ತಾ ಕೂತಿದೆ.

ಆಗ ಹೊಳೆಯಿತು.

ಸಿ ಪ್ರೋಗ್ರಾಮು ಬರೆದದ್ದೆಲ್ಲ ಆಗಿಂದಾಗಲೇ ಫೈಲಿಗೆ ಇಳಿಯುವುದಿಲ್ಲ. ಒಂದಷ್ಟನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡಿರುತ್ತದೆ, ಜೇಬು ತುಂಬಿದಾಗ ಇಳಿಸುತ್ತದೆ. ಉಳಿದದ್ದು ಇಳಿಯುವುದು ಫೈಲು ಮುಚ್ಚಿದಾಗ. ಮೊದಲು ಮುಚ್ಚಬೇಕು, ಆಮೇಲೆ ಶೆಲ್ಲನ್ನು ಕರೆಯಬೇಕು. ಆ ದಿನ ಚೊಕ್ಕ ಮಾಡುವ ಭರದಲ್ಲಿ ನಾನು ಮುಚ್ಚುವ ಸಾಲನ್ನು ಎಲ್ಲದಕ್ಕಿಂತ ಕೆಳಗೆ ಸರಿಸಿದ್ದೆ. ಶೆಲ್ಲು ಬಂದು ಓದುವಾಗ ಕೊನೆಯ ಸಾಲು ಇನ್ನೂ ಜೇಬಿನಲ್ಲೇ ಇತ್ತು. ಅದು ಸಿಕ್ಕಷ್ಟು ಮಾಡಿ ಹೋಯಿತು. ಅದು ಹೋದ ಮೇಲೆ ಫೈಲು ಮುಚ್ಚಿ, ಉಳಿದದ್ದು ಇಳಿಯಿತು. ನಾನು ಯಾವಾಗ ನೋಡಿದರೂ ಎಲ್ಲ ಸರಿಯಾಗಿ ಕಂಡದ್ದು ಅದಕ್ಕೆ.

ಥೆಲ್ಮಾಗೆ ಹೇಳಿದೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು.

"ಅಂದ್ರೆ, ಸಾಮಾನಿನ ಪಟ್ಟಿ ಹೇಳಿ ಮುಗಿಸೋಕೆ ಮುಂಚೇನೇ ಹುಡುಗನ್ನ ಅಂಗಡಿಗೆ ಕಳಿಸಿಬಿಟ್ಟ ಹಾಗೆ."

"ಹೂಂ."

"ಬಿಟ್ಟುಹೋಗಿದ್ದು ಅವನೊಬ್ಬನದೇ."

"ಹೂಂ," ಎಂದು ಗೋಡೆಯ ಗಡಿಯಾರ ನೋಡಿದೆ. "ಥೆಲ್ಮಾ, ಹಡಗು ಅಲ್ಲಿಂದ ಯಾವಾಗ ಹೊರಡತ್ತೆ?"

"ಇವತ್ತೇ. ಸಂಜೆ ಅಂತ ಇತ್ತು." ಅವಳು ಆಗಲೇ ಎದ್ದಿದ್ದಳು. "ಬಾ, ಫೋನ್ ಹಚ್ಚಿಕೊಡ್ತೀನಿ. ಇಲ್ಲಾ ನಾನೇ ಹೇಳ್ಲಾ ಅವನಿಗೆ?"

ಹೇಳಿ ಎಂಬ ಮಾತು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು.

"ಬೇಡ," ಎಂದೆ. "ಕೊಡಿ ಇಲ್ಲಿ."

* * *

ಅದು ಉಪಗ್ರಹದ ಫೋನು, ಮಾತು ಆಕಾಶ ಮುಟ್ಟಿ ಬರಬೇಕು. ನಾವು ಹೇಳಿದ್ದು ಅವರಿಗೆ ಕೇಳಿ, ಅವರದ್ದು ನಮಗೆ ಕೇಳುವಷ್ಟರಲ್ಲಿ ಒಂದು ಗಳಿಗೆ ಖಾಲಿ ಹೋಗುತ್ತದೆ.

"ಹೇಳಿ ಥೆಲ್ಮಾ," ಎಂದ ಫರ್ಗಸ್. ದನಿ ಸೊರಗಿತ್ತು.

"ಥೆಲ್ಮಾ ಅಲ್ಲ."

ಖಾಲಿ ಗಳಿಗೆ ಕಳೆಯಿತು.

"ಮೆರಿನ್?"

"ನಾನು ನಿನ್ನ ಹೆಸರು ತೆಗೆದಿರ್ಲಿಲ್ಲ. ಇತ್ತು, ದಿನಾ ಇತ್ತು. ಫೈಲ್ ಮುಚ್ಚದೇನೇ ಸ್ಕ್ರಿಪ್ಟ್ ಓಡಿಸ್ತಿದ್ದೆ. ಕೊನೇ ಸಾಲು ಹೊರಗೇ ಬರ್ತಿರ್ಲಿಲ್ಲ."

"ಅಯ್ಯೋ ಮಾರಾಯ್ತಿ. ಅದು ಕಾಲೇಜ್ ಹುಡುಗ್ರು ಮಾಡೋ ತಪ್ಪಲ್ವೇನೇ." ನಗಲು ಹೋದ, ಆಗಲಿಲ್ಲ. "ನಾನು ದಿನಾ ಬೆಳಿಗ್ಗೆ ಹೋಗಿ ನೋಡ್ತಿದ್ದೆ ಕಣೇ."

"ವಾಪಸ್ ಬಾ ಫರ್ಗಸ್. ಇವತ್ತಿನ ಹಡಗಲ್ಲೇ ಬಾ. ನಂಗೆ ನೀನಿಲ್ದೆ ಆಗಲ್ಲ."

ಇಷ್ಟು ವರ್ಷ ಬಾರದ ಮಾತು ಒಂದೇ ಉಸಿರಿಗೆ ಬಂತು. ಥೆಲ್ಮಾ ಕೋಣೆಯ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

"ನಾನು ಕಿಟಕಿ ಹತ್ರಾನೇ ನಿಂತಿದೀನಿ," ಎಂದ ಕೊನೆಗೆ. "ಹಡಗು ಬೆಳಿಗ್ಗೇನೇ ಹೊರಟುಹೋಯ್ತು. ಹಿಮ ಮುಚ್ಕೊಳ್ಳತ್ತೆ, ಬೇಗ ಹೊರಡಿ ಅಂತ ಮುನ್ಸೂಚನೆ ಬಂತಂತೆ ಕ್ಯಾಪ್ಟನ್‌ಗೆ. ನಾನು ಸೈನ್ ಹಾಕಿ ಆಗಿದೆ. ಇಲ್ಲಿಂದ ಚುಕ್ಕಿ ಥರ ಕಾಣ್ತಿದೆ."

ಆ ಮುನ್ಸೂಚನೆ ಯಾರದೆಂದು ಇಬ್ಬರೂ ಕೇಳಲಿಲ್ಲ. ಹಡಗಿನ ಹೆಸರು ನನ್ನ ಸ್ಕ್ರಿಪ್ಟಿನಲ್ಲಿ ಮೊದಲಿಗೇ ಇದೆ. ಅದು ಯಾವತ್ತೂ ತಪ್ಪಿಲ್ಲ.

ನಾನು ಅತ್ತೆ. ಆಮೇಲೆ ಅವನು ಮೆಲ್ಲಗೆ ಕೇಳಿದ, "ಮೆರಿನ್, ಅದನ್ನ ಇನ್ನೊಂದ್ಸಲ ಹೇಳ್ತೀಯಾ?"

"ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ."

ಮತ್ತೆ ಹೇಳಿದೆ.

* * *

ಈಗ ಚಳಿಗಾಲ. ಬೆಟ್ಟದ ಮೇಲೆ ಹಿಮ ಬಿದ್ದಿದೆ, ಬೆಂಚು ಒದ್ದೆ. ಮನೆಯಲ್ಲಿ ಒಬ್ಬಳಿಗೇ ಸೂಪ್ ಕಾಯಿಸಿ, ಅವನ ಮಫ್ಲರ್ ಸುತ್ತಿಕೊಂಡು ಕುಡಿಯುತ್ತೇನೆ. ಮುಂದಿನ ಹಡಗಿಗೆ ಇನ್ನೂ ಬಹಳ ಕಾಲವಿದೆ.

ಫೈಲು ಮುಚ್ಚುವ ಸಾಲನ್ನು ಅದರ ಜಾಗಕ್ಕೆ ಮರಳಿಸಿದ್ದೇನೆ. ಎಲ್ಲ ಸ್ಟೇಷನ್ನಿಗೂ ಎಲ್ಲವೂ ಹೋಗುತ್ತದೆ. ಆದರೆ ಅವನ ಸ್ಟೇಷನ್ನಿನ ಸಾಲನ್ನು ಅಳಿಸಿಬಿಟ್ಟೆ.

"ಏನೇ ಇದು, ಈಗ ನಿಜವಾಗ್ಲೂ ಕಿತ್ತುಹಾಕಿದೀಯ," ಎಂದು ಥೆಲ್ಮಾ ಗೊಣಗಿದಳು. ಗೊಣಗುತ್ತಲೇ ರೇಡಿಯೋ ಕೋಣೆಯಲ್ಲಿ ನನಗೊಂದು ಸ್ಟೂಲು ಹಾಕಿಕೊಟ್ಟಳು.

ದಿನಾ ಬೆಳಿಗ್ಗೆ ಅದರ ಮೇಲೆ ಕೂತು ಫೋನು ಹಿಡಿಯುತ್ತೇನೆ. ಗಾಳಿ ಎಷ್ಟು, ಚಳಿ ಎಷ್ಟು, ಹಿಮ ಎತ್ತ ಸರಿಯುತ್ತದೆ, ಎಲ್ಲ ಓದಿ ಹೇಳುತ್ತೇನೆ. ಅವನು ಹೂಂ ಹೂಂ ಎನ್ನುತ್ತಾನೆ. ಮುಗಿದ ಮೇಲೂ ಫೋನು ಇಡುವುದಿಲ್ಲ, ಕಾಯುತ್ತಾನೆ.

"ಬಾ," ಎನ್ನುತ್ತೇನೆ. ಖಾಲಿ ಗಳಿಗೆ ಕಳೆಯಲೆಂದು ನಾನೂ ಕಾಯುತ್ತೇನೆ.

"ಬಂದೆ," ಎನ್ನುತ್ತಾನೆ ಫರ್ಗಸ್.