ತುತ್ತವ್ವನ ಸೂತಕ

"ನನ್ನ ದೇವರನ್ನ ತಿದ್ದಿದ್ದು ಯಾರ್ರೀ ಇಲ್ಲಿ?"

ಶನಿವಾರ ಮಧ್ಯಾಹ್ನ, ಪಾಂಡವಪುರದ ಚಲುವಯ್ಯನವರ ಪ್ರೆಸ್ಸಿನ ಬಾಗಿಲಲ್ಲಿ ನಿಂತು ಹೀಗೆ ಕೂಗಿದವನು ರವೀಂದ್ರ. ಹೊಸಹೊಳಲಿನಲ್ಲಿ ಮೇಷ್ಟ್ರು, ವಯಸ್ಸು ಇಪ್ಪತ್ತಾರು, ಕೈಯಲ್ಲಿ ಚಲುವಯ್ಯನವರದೇ ವಾರಪತ್ರಿಕೆ. ಅದರಲ್ಲಿ ಅವನ ಧಾರಾವಾಹಿ ಬರುತ್ತಿತ್ತು. 'ಏಳುನೆರಳಿನ ನಾಡು' ಅಂತ ಒಂದು ಲೋಕವನ್ನೇ ಅವನು ಹುಟ್ಟಿಸಿದ್ದ. ಅಲ್ಲಿ ಒಬ್ಬೊಬ್ಬರಿಗೂ ಏಳೇಳು ನೆರಳು. ಕಾಡು, ಕೋಟೆ, ರಾಜಕುಮಾರ ಎಲ್ಲ ಚೆನ್ನಾಗಿದ್ದರು, ದೇವರು ಮಾತ್ರ ಸಪ್ಪೆ.

"ನಾನೇ," ಎಂದಳು ರಂಜಿತ, ತಲೆ ಎತ್ತದೆ. ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದೇ ಆರಿಸಿ ಸಾಲು ಕಟ್ಟುವುದು ಅವಳ ಕೆಲಸ. "ನಿಮ್ಮ ಕಂತು ಹನ್ನೊಂದು ಸಾಲು ಕಮ್ಮಿ ಬಿತ್ತು. ಕಾಲಂ ಖಾಲಿ ಬುಡಕಾಯ್ತದಾ? ತುಂಬ್ಸ್ದೆ."

"ಖಾಲಿ ಜಾಗಕ್ಕೆ ಸೋಪಿನ ಜಾಹೀರಾತು ಹಾಕ್ತಾರೆ. ದೇವರನ್ನ ಹಾಕ್ತಾರಾ?"

"ಈ ವಾರ ಸೋಪು ಬಂದಿರ್ಲಿಲ್ಲ ಮೇಷ್ಟ್ರೇ."

ಆ ಹನ್ನೊಂದು ಸಾಲಿನಲ್ಲಿ ಅವಳು ಲೋಕದ ಹುಟ್ಟನ್ನೇ ಹೇಳಿ ಮುಗಿಸಿದ್ದಳು. ಮೊದಲು ಹಸಿವೊಂದೇ ಇತ್ತಂತೆ. ತುತ್ತವ್ವ ಎಂಬ ತಾಯಿ ಕತ್ತಲನ್ನೇ ಹಿಟ್ಟು ಮಾಡಿ ಮುದ್ದೆ ತೊಳಸಿದಳಂತೆ. ಹೊರಗೆ ಹೋದ ಗಂಡನಿಗೆ ಅಂತ ಒಂದು ಮುದ್ದೆ ಎತ್ತಿಟ್ಟಳು. ಅದೇ ಭೂಮಿ, ಅವಳ ಬೆರಳಿನ ಗುರುತುಗಳೇ ಬೆಟ್ಟ, ಕಣಿವೆ. ಗಂಡ ಬಂದು ಅದನ್ನು ಉಂಡ ದಿನ ಲೋಕ ಮುಗಿದ ಹಾಗೆ. ಅದಕ್ಕೇ ಆ ನಾಡಿನ ಜನ ದಿನಾ ಸಂಜೆ ಹೊಸ್ತಿಲಾಚೆ ಒಂದು ತುತ್ತು ಇಡುತ್ತಾರೆ. ದಾರಿಯಲ್ಲೇ ಅವನ ಹೊಟ್ಟೆ ತುಂಬಲಿ, ಅವನು ಮನೆ ಸೇರದಿರಲಿ ಅಂತ.

"ಅಂದ್ರೆ ಅವಳು ಕಾಯ್ತಾನೇ ಇರ್ಬೇಕು, ಇವರು ಸುಖವಾಗಿರ್ಬೇಕು. ಇದೂ ಒಂದು ಧರ್ಮವಾ?"

"ಯಾಕೆ, ನಿಮ್ಮೂರಲ್ಲಿ ಬ್ಯಾರೆ ತರ ಐತಾ?"

ಅವಳು ಆಗ ತಲೆ ಎತ್ತಿದಳು. ದೊಡ್ಡ ಕಣ್ಣು, ಮೂಗಿನ ತುದಿಯಲ್ಲಿ ಮಸಿಯ ಚುಕ್ಕೆ. ಅವನು ತನ್ನ ಮೂಗಿನ ತುದಿ ಮುಟ್ಟಿ ತೋರಿಸಿದ. ಅವಳು ಒರೆಸಿಕೊಂಡಳು, ಮಸಿ ಕೆನ್ನೆಗೆಲ್ಲ ಹತ್ತಿತು. ಸಿಟ್ಟು ಮಾಡಲು ಬಂದವನು ನಗುತ್ತಾ ಬಸ್ಸು ಹತ್ತಿದ.

ಮುಂದಿನ ವಾರ ಪತ್ರಿಕೆಗೆ ಎಂಟು ಕಾಗದ ಬಂದವು. ಎಂಟರಲ್ಲೂ ತುತ್ತವ್ವನದೇ ಸುದ್ದಿ, ರಾಜಕುಮಾರನನ್ನು ಕೇಳಿದವರೇ ಇಲ್ಲ. ಅಲ್ಲಿಂದ ಶನಿವಾರ ಬಂದರೆ ಸಾಕು, ಸ್ಕೂಲು ಮುಗಿಸಿ ಮೇಷ್ಟ್ರು ಪಾಂಡವಪುರಕ್ಕೆ ಹಾಜರು. ಪ್ರೂಫ್ ನೋಡುವ ನೆಪ. ಇಬ್ಬರೂ ಕೂತು ಇಲ್ಲದ ನಾಡಿಗೆ ಹಬ್ಬ ಹುಣ್ಣಿಮೆ, ಹರಕೆ, ಸಾವಿನ ಶಾಸ್ತ್ರ ಎಲ್ಲ ಮಾಡಿದರು. ಮಗು ಹುಟ್ಟಿದರೆ ಏಳನೆಯ ನೆರಳಿಗೆ ಬೇರೆ ಹೆಸರಿಡಬೇಕು ಅಂತ ಅವನು. ಆ ಹೆಸರನ್ನು ಪ್ರೀತಿಸಿದವರಿಗೆ ಮಾತ್ರ ಹೇಳಬೇಕು ಅಂತ ಅವಳು.

"ತುತ್ತವ್ವನಿಗೆ ಒಂದು ಗುಡಿ ಕಟ್ಟೋಣ. ಯಾರು ಬೇಕಾದ್ರೂ ಒಳಕ್ಕೆ ಹೋಗ್ಬಹುದು," ಎಂದ ಒಂದು ದಿನ.

ರಂಜಿತ ಕಿಸಕ್ಕನೆ ನಕ್ಕಳು. "ಎಲ್ರೂ ಒಳೀಕೋಗೋ ಗುಡೀನಾ? ಕತೆ ಅಂದ್ರೂ ಒಂದು ಮಿತಿ ಬ್ಯಾಡ್ವಾ ಮೇಷ್ಟ್ರೇ?"

ಅವಳಪ್ಪ ಕರಿಯಯ್ಯ ಕಬ್ಬಿನ ಲೋಡು ಇಳಿಸುವವನು, ಊರ ಗುಡಿಯ ಮೆಟ್ಟಿಲು ದಾಟಿದವನಲ್ಲ. ರವೀಂದ್ರನದು ನಾಲೆಯಂಚಿನ ಗದ್ದೆಯ ಗೌಡರ ಮನೆ. ಇದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಬಿದ್ದರು ನೋಡಿ, ಅವರಿಗೇನು ಹೇಳೋಣ!

ಇನ್ನೊಂದು ಶನಿವಾರ ಅವನು ನಗುತ್ತಲೇ ಒಳಗೆ ಬಂದ. "ನಮ್ಮವ್ವ ದಿನಾ ಸಂಜೆ ಹೊಸ್ತಿಲಾಚೆ ತುತ್ತು ಇಡ್ತಾವ್ಳೆ ಕಣೇ! ನನ್ನ ಮದುವೆ ಆಗ್ಲಿ ಅಂತ ನಿನ್ನ ದೇವರಿಗೆ ಹರಕೆ ಹೊತ್ತವ್ಳೆ."

"ಅಯ್ಯೋ! ಕತೆ ಅಂತ ಹೇಳ್ನಿಲ್ವಾ?"

"ಪೇಪರಲ್ಲಿ ಓದಿ, ಈ ತಾಯಿ ವಿಚಾರ ಎಲ್ಲಿ ಸಿಕ್ತು ಮಗಾ ಅಂದ್ಲು. ಮೇಲುಕೋಟೆಲಿ, ಹಳೇ ಓಲೆಗರೀಲಿ ಅಂದ್ಬುಟ್ಟೆ. ತಮಾಷೆಗೆ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ರಂಜಿತಳಿಗೆ ಯಾಕೋ ಆ ಹೆಂಗಸನ್ನು ನೆನೆದು ಪಾಪ ಅನಿಸಿತು. ನಾಳೆ ಅತ್ತೆಯಾಗುವವಳು ಅಂತಲೂ ಅನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಶ್ರೀರಂಗಪಟ್ಟಣಕ್ಕೆ ಹೋದದ್ದು ಒಂದೇ ಸಲ. ಹೊಳೆಯ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅವನು ಅವಳ ಬೆರಳು ಹಿಡಿದು ಸೀಸದ ಕಪ್ಪನ್ನು ನೀರಿನಲ್ಲಿ ಉಜ್ಜಿದ. ಕಪ್ಪು ಹೋಗಲಿಲ್ಲ, ಅವನು ಬಿಡಲೂ ಇಲ್ಲ. ಅವಳು ಓರೆಗಣ್ಣಲ್ಲಿ ನೋಡಿದರೆ ಅವನು ಆಚೆ ದಡ ನೋಡುವನು. ಅವಳು ಆಚೆ ನೋಡಿದರೆ ಅವನ ಕಣ್ಣು ಅವಳ ಕಿವಿಯ ಓಲೆಯ ಮೇಲೆ.

"ನಮ್ಮನೇಲೂ ಗಂಡು ನೋಡ್ತಾವ್ರೆ ಮೇಷ್ಟ್ರೇ. ನೀವು ಏನಾದ್ರೂ ಹೇಳಂಗಿದ್ರೆ ಬಿರ್‍ರನೆ ಹೇಳ್ಬುಡಿ."

"ಅವ್ವನ್ನ ಕರ್ಕೊಂಬರ್ತೀನಿ. ನಿನ್ನ ತೋರಿಸ್ತೀನಿ. ಆಣೆ."

ಕರೆದುಕೊಂಡು ಬಂದ. ಆಣೆ ಉಳಿಸಿಕೊಂಡ, ಮಹಾರಾಯ.

ತಿಂಗಳ ಮೇಲೆ ಒಂದು ಗುರುವಾರ ಅವನ ತಾಯಿ ಪಾರ್ವತಮ್ಮ ಪ್ರೆಸ್ಸಿಗೆ ಬಂದರು, ರೇಷ್ಮೆ ಸೀರೆ ಉಟ್ಟು, ಮಗನನ್ನು ಹಿಂದಿಟ್ಟುಕೊಂಡು. ರಂಜಿತ ಜಡೆ ಸರಿ ಮಾಡಿಕೊಂಡು, ಲೋಟ ತೊಳೆದು ನೀರು ತಂದಳು.

"ಯಾರ ಮಗಳಮ್ಮಿ ನೀನು?"

"ಕರಿಯಯ್ಯನ ಮಗಳು ಕಣವ್ವಾ. ಕಾಲೋನಿ."

"ಬ್ಯಾಡ ಬುಡು ಮಗಾ, ಬಾಯಾರಿಕೆ ಇಲ್ಲ." ಪಾರ್ವತಮ್ಮ ಅದನ್ನು ಕೆಟ್ಟದಾಗಿಯೇನೂ ಹೇಳಲಿಲ್ಲ. ನಕ್ಕುಕೊಂಡೇ ಹೇಳಿದರು. ಆಮೇಲೆ ಚೀಲದಿಂದ ಒಂದು ಹಾಳೆ ತೆಗೆದು ಚಲುವಯ್ಯನವರಿಗೆ ಕೊಟ್ಟರು. "ಮಗನ ಲಗ್ನಪತ್ರಿಕೆ. ಹೆಣ್ಣು ನಾಗಮಂಗಲದ್ದು. ಎಲ್ಲಾ ಆ ತಾಯಿ ದಯೆ. ಎರಡು ತಿಂಗಳು ತಪ್ಪದಂಗೆ ತುತ್ತು ಇಟ್ಟೆ, ಸಂಬಂಧ ಕೂಡ್ಬಂತು. ಪತ್ರಿಕೆ ತಲೆ ಮ್ಯಾಲೆ ಅವಳ ಹೆಸರೇ ಬರ್ಬೇಕು."

ಚಲುವಯ್ಯ ಹಾಳೆಯನ್ನು ರಂಜಿತಳ ಮುಂದೆ ಇಟ್ಟರು. 'ಶ್ರೀ ತುತ್ತವ್ವ ಪ್ರಸನ್ನ.' ಕೆಳಗೆ ವಧೂವರರ ಹೆಸರು. ಅಕ್ಷರ ರವೀಂದ್ರನದೇ. ಧಾರಾವಾಹಿ ಬರೆಯುವ ಅದೇ ದುಂಡು ಅಕ್ಷರ.

ಅವಳು ಹಾಳೆಯನ್ನು ಎರಡು ಸಲ ಓದಿದಳು. ಆಮೇಲೆ ಕೇಳಿದಳು. "ಈ ತಾಯಿ ಎಲ್ಲಿಂದ ಬಂದ್ಲು ಮೇಷ್ಟ್ರೇ?"

ಅವನು ಕಾಲಿನ ಹೆಬ್ಬೆರಳನ್ನು ನೋಡುತ್ತಾ ಹೇಳಿದ. "ಮೇಲುಕೋಟೆ. ಓಲೆಗರಿ."

ಒಂದು ಮಾತು ಸಾಕಿತ್ತು. ಇವಳು ಮಾಡಿದ್ದು ಕಣವ್ವ ಅಂದಿದ್ದರೆ ಅವಳು ಇನ್ನೂ ಹತ್ತು ವರ್ಷ ಕಾಯುತ್ತಿದ್ದಳು. ಹೊರಡುವಾಗ ಅವನು ಹಿಂದೆ ಉಳಿದು ಪಿಸುಗುಟ್ಟಿದ. "ಬಲವಂತ ಮಾಡ್ಬುಟ್ರು ಕಣೇ. ಕಥೆ ಮಾತ್ರ ನಿಲ್ಲಿಸ್ಬೇಡ, ಇನ್ನೂ ಎಂಟು ಕಂತು ಐತೆ."

ನೋಡಿ ಇವನ ಬಾಯಿ! ಲಗ್ನಪತ್ರಿಕೆಯನ್ನು ಅವಳೇ ಜೋಡಿಸಿದಳು, ಒಂದು ಒತ್ತಕ್ಷರವೂ ತಪ್ಪಲಿಲ್ಲ. ಮದುವೆಗೆ ಹನ್ನೆರಡು ದಿನ ಇರುವಾಗ ಪ್ರೆಸ್ಸಿಗೆ ಬಂದ ಕಂತಿನ ಕೊನೆಯ ಪ್ಯಾರಾವನ್ನು ಕಿತ್ತು, ತನ್ನದನ್ನು ಕೂರಿಸಿದಳು. ಪ್ರೂಫ್ ನೋಡಬೇಕಾದವನು ಆ ಶನಿವಾರ ಚಪ್ಪರದ ಕಂಬ ನೆಡಿಸುತ್ತಿದ್ದ. 'ತುತ್ತವ್ವ ಸತ್ತಳು. ಗಂಡ ದಾರಿಯಲ್ಲಿ ತುತ್ತು ಇಟ್ಟವರ ಮನೆಗೇ ಅಳಿಯನಾದ ಸುದ್ದಿ ಕೇಳಿ ಸತ್ತಳು. ಹೊರಲು ಯಾರೂ ಬರಲಿಲ್ಲ.' ಅಷ್ಟು ಮಾಡಿ ಅವಳಿಗೆ ಸಮಾಧಾನವಾಯಿತು. ಅವನ ಹೊಟ್ಟೆ ಉರಿಯಲಿ ಅಂದುಕೊಂಡಳೇ ಹೊರತು ಬೇರೇನೂ ಅವಳ ತಲೆಯಲ್ಲಿರಲಿಲ್ಲ.

ಪತ್ರಿಕೆ ಮಂಗಳವಾರ ಹೊಸಹೊಳಲು ಮುಟ್ಟಿತು. ಶುಕ್ರವಾರ ರವೀಂದ್ರ ಓಡಿ ಬಂದ. ಗಡ್ಡ ಬೋಳಿಸಿರಲಿಲ್ಲ.

"ಅವ್ವ ಸೂತಕ ಹಿಡಿದು ಕೂತವಳೆ! ಮನೆದೇವರೇ ಸತ್ತ ಮನೇಲಿ ಶುಭ ಕಾರ್ಯ ಮಾಡ್ತಾರಾ ಅಂತಾಳೆ. ತಲೆಗೆ ನೀರು ಹಾಕ್ಕೊಂಡ್ಲು, ಮೂರು ದಿನದಿಂದ ಒಲೆ ಹಚ್ಚಿಲ್ಲ. ಹನ್ನೊಂದು ದಿನ ಕಳೀಬೇಕಂತೆ, ಆಗ ಮುಹೂರ್ತ ಎಲ್ಲಿ ಉಳೀತದೆ? ನಾಗಮಂಗಲದೋರು ಬಂದು ಬಾಯಿಗೆ ಬಂದಂಗೆ ಬೈದು ಹೋದ್ರು."

"ಆ ಹುಡುಗಿ?"

"ಅವಳ ಕಾಲುಗುಣ ಸರಿಯಿಲ್ಲ ಅಂತ ಊರೆಲ್ಲ ಮಾತಾಡ್ತಾವ್ರಂತೆ. ಸಂಬಂಧ ಕೂಡಿದ್ಮೇಲೆ ದೇವರೇ ಸತ್ತಿತು ಅಂತ."

ರಂಜಿತ ಕೈಯಲ್ಲಿದ್ದ ಮೊಳೆಯನ್ನು ಕೆಳಗಿಟ್ಟಳು. ಆ ಹುಡುಗಿಯ ಮುಖ ಕಂಡಿಲ್ಲ, ಹೆಸರನ್ನು ಮಾತ್ರ ಜೋಡಿಸಿದ್ದಾಳೆ. ಅವಳೇನು ತಪ್ಪು ಮಾಡಿದ್ದಳು? "ಕತೆ ಅಂತ ಹೇಳ್ಬುಡಿ ಮೇಷ್ಟ್ರೇ, ಇವತ್ತೇ."

"ಹೇಳಿದ್ರೆ ಯಾರು ಮಾಡಿದ್ದು ಅಂತಾಳೆ." ಅವನು ಹತ್ತಿರ ಬಂದು ಅವಳ ಮಣಿಕಟ್ಟು ಹಿಡಿದ. ಅಷ್ಟು ದಿನ ಅವಳು ಕೇಳಬೇಕೆಂದಿದ್ದ ಮಾತು ಆಗ ಬಂತು. "ರಂಜಿತ, ನೀನಿಲ್ದೆ ನಂಗಾಗಲ್ಲ ಕಣೇ. ನಿಜ. ಹೆಂಗೂ ಮದುವೆ ನಿಂತಂಗೇ. ನೀನು ಒಂದೇ ಒಂದು ಕಂತು ಬರಿ. ತುತ್ತವ್ವ ಸತ್ತ ಮೇಲೆ ಮತ್ತೆ ಹುಟ್ಟಿದಳು, ಪಾಂಡವಪುರದಲ್ಲಿ, ಅಕ್ಷರ ಜೋಡಿಸೋ ಹುಡುಗಿಯಾಗಿ ಅಂತ. ಅವ್ವ ನಂಬ್ತಾಳೆ. ಅವಳೇ ಬಂದು ನಿನ್ನ ಕಾಲಿಗೆ ಬಿದ್ದು ಕರ್ಕೊಂಡು ಹೋಗ್ತಾಳೆ."

ಹೇಳಬಾರದು, ಆದರೂ ಹೇಳುತ್ತೇನೆ. ಅವಳಿಗೆ ಆಸೆಯಾಯಿತು. ಅವನ ಕೈ ಬಿಸಿಯಾಗಿತ್ತು. ಅವನ ಮನೆಯ ಹಜಾರ, ಬೆಳಗಿನ ಕಾಫಿ, ಅವನ ಅಂಗಿಯ ಗುಂಡಿ ಹೊಲಿಯುವ ತಾನು, ಎಲ್ಲ ಒಂದೇ ಸಲಕ್ಕೆ ಕಣ್ಣ ಮುಂದೆ ಬಂತು.

"ಬರೆದ್ರೆ ನಾನು ನಿಮ್ಮನೇಲಿ ಯಾರು?"

"ತುತ್ತವ್ವ."

"ನಮ್ಮಪ್ಪ ಅವ್ವ?"

ಅವನು ಒಂದು ಕ್ಷಣ ಯೋಚಿಸಿದ, ಕಥೆಯ ತೊಡಕು ಬಿಡಿಸುವಾಗ ಯೋಚಿಸುತ್ತಿದ್ದ ಹಾಗೆಯೇ. "ದೇವರಿಗೆ ಅಪ್ಪ ಅವ್ವ ಇರಲ್ವಲ್ಲ. ಅವರು ಬರ್ದೇ ಇದ್ರೆ ಒಳ್ಳೇದು. ನೀನು ಯಾವಾಗ್ಲಾದ್ರೂ ಕದ್ದು ಹೋಗಿ ನೋಡ್ಕೊಂಡು ಬಾ."

ರಂಜಿತ ಕೈ ಬಿಡಿಸಿಕೊಂಡಳು. "ಬರೆಯೋದು ಬ್ಯಾಡ, ನಿಮ್ಮ ಬಾಯಲ್ಲೇ ನಿಮ್ಮವ್ವನಿಗೆ ಹೇಳಿ. ಈ ಹುಡುಗಿ ಬೇಕು, ಕರಿಯಯ್ಯನ ಮಗಳೇ ಬೇಕು ಅಂತ. ಹೇಳಿದ್ರೆ ಈ ಬಟ್ಟೇಲೇ ಬತ್ತೀನಿ."

"ಬರೆದ್ರೆ ಸುಲಭ ಕಣೇ," ಎಂದ ಅವನು.

ಮಾರನೆಯ ದಿನ ಬೆಳಿಗ್ಗೆ ಅವಳೇ ಕೆ.ಆರ್. ಪೇಟೆ ಬಸ್ಸು ಹತ್ತಿದಳು. ಅಲ್ಲಿಂದ ಹೊಸಹೊಳಲಿಗೆ ನಡೆದಳು. ಚಪ್ಪರಕ್ಕೆ ಸೋಗೆ ಹೊದಿಸಿರಲಿಲ್ಲ, ಬರೀ ಕಂಬ ನಿಂತಿದ್ದವು. ಪಾರ್ವತಮ್ಮ ಜಗಲಿಯ ಮೇಲೆ ಕೂದಲು ಬಿಚ್ಚಿಕೊಂಡು ಕೂತಿದ್ದರು. ಮೂರು ನಾಲ್ಕು ದಿನದಲ್ಲೇ ಮುಖ ಇಳಿದುಹೋಗಿತ್ತು. ಒಳಬಾಗಿಲಲ್ಲಿ ರವೀಂದ್ರ. ಅವಳನ್ನು ಕಂಡು ಬಿಳಿಚಿಕೊಂಡ.

"ಅವ್ವಾ, ಸೂತಕ ಬುಡಿ," ಎಂದಳು ರಂಜಿತ ಅಂಗಳದಲ್ಲೇ ನಿಂತು. "ತುತ್ತವ್ವ ಸತ್ತಿಲ್ಲ. ಅಂಥೋಳು ಇರ್ಲೇ ಇಲ್ಲ. ಪೇಪರಲ್ಲಿ ಜಾಗ ಉಳೀತು ಅಂತ ನಾನು ಕಟ್ಟಿದ ಕತೆ. ಓಲೆಗರಿ ಪಾಲೆಗರಿ ಏನೂ ಇಲ್ಲ."

ಪಾರ್ವತಮ್ಮ ಅವಳನ್ನೇ ನೋಡಿದರು. "ನೀನು ಕಟ್ಟಿದ್ದಾ? ನೀನು?"

"ನಾನೇ."

"ನಾನು ದಿನಾ ಕೈ ಮುಗೀತಿದ್ದೆನಲ್ಲಮ್ಮಿ." ಅವರ ದನಿ ಸಣ್ಣದಾಯಿತು. "ಗಂಡ ಸತ್ತ ಮ್ಯಾಲೆ ಅವಳೊಬ್ಬಳ ಹತ್ರಾನೇ ನಾನು ಮನಸ್ಸು ಬಿಚ್ಚಿ ಮಾತಾಡಿದ್ದು."

ರಂಜಿತಳಿಗೆ ಆ ಹೆಂಗಸಿನ ಕೈ ಹಿಡಿದುಕೊಳ್ಳಬೇಕು ಅನಿಸಿತು. ಹಿಡಿಯುವ ಹಾಗಿರಲಿಲ್ಲ.

"ಇದನ್ನ ಇಲ್ಲೀಗಂಟ ಬಂದು ಯಾಕೆ ಹೇಳ್ತಿದ್ದೀಯೆ? ನಿನಗೇನಾಗ್ಬೇಕು?"

"ನಾಗಮಂಗಲದ ಹುಡುಗಿ ಮ್ಯಾಲೆ ಮಾತು ಬಂದದೆ, ಅದಕ್ಕೆ." ರಂಜಿತ ಒಳಬಾಗಿಲ ಕಡೆ ನೋಡಿದಳು. "ನಿಮ್ಮ ಮಗನ ಮ್ಯಾಲೆ ಆಸೆ ಮಡಗಿದ್ದೆ ಅವ್ವಾ. ಅವ್ರೂ ಮಡಗಿದ್ರು. ಕೇಳ್ನೋಡಿ."

ಪಾರ್ವತಮ್ಮ ಕತ್ತು ತಿರುಗಿಸಿದರು. "ಹೌದೇನ್ಲಾ?"

ಬಾಗಿಲ ದಾರಂದ ಹಿಡಿದಿದ್ದ ರವೀಂದ್ರ ಒಮ್ಮೆ ರಂಜಿತಳನ್ನು ನೋಡಿದ. ಹೊಳೆಯ ಮೆಟ್ಟಿಲಲ್ಲಿ ನೋಡಿದ್ದ ಅದೇ ಕಣ್ಣು, ಅದೇ ಪ್ರೀತಿ, ಸುಳ್ಳಲ್ಲ. "ತಲೆ ಕೆಟ್ಟಿರ್ಬೇಕು ಕಣವ್ವ ಇವಳಿಗೆ," ಎಂದ. "ಅಂಥದ್ದೇನಿಲ್ಲ."

ತಾಯಿ ಮಗನ ಮುಖವನ್ನು ತುಂಬಾ ಹೊತ್ತು ನೋಡಿದರು. ಹೆತ್ತವರಿಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಅವರು ನಿಧಾನವಾಗಿ ಕೂದಲು ಒಟ್ಟು ಮಾಡಿ ಗಂಟು ಹಾಕಿಕೊಂಡರು.

"ನೀನು ನಿಜಾನೇ ಹೇಳ್ತಿದ್ದೀಯೆ ಮಗಾ," ಎಂದರು ರಂಜಿತಳಿಗೆ. "ಹೋಗು, ಬಿಸಿಲು ಏರ್ತದೆ." ಆಮೇಲೆ ಮಗನ ಕಡೆ ತಿರುಗಿದರು. "ಸೂತಕ ಇಲ್ಲ ಅಂದ್ಮ್ಯಾಲೆ ಮುಹೂರ್ತ ಯಾಕೆ ಕಳ್ಕೊಳ್ಳಾನ? ನಾಗಮಂಗಲಕ್ಕೆ ಓಗಿ ತಪ್ಪಾಯ್ತು ಅನ್ನು. ಚಪ್ಪರಕ್ಕೆ ಸೋಗೆ ಹೊದಿಸೋರಿಗೂ ಹೇಳ್ಬುಟ್ಟು ಬಾ."

ರವೀಂದ್ರ ಚಪ್ಪಲಿ ಮೆಟ್ಟಿಕೊಂಡು ಅವಳ ಪಕ್ಕದಿಂದಲೇ ದಾಟಿಕೊಂಡು ಹೋದ. ರಂಜಿತ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನವರೆಗೂ ಅಳಲಿಲ್ಲ. ಪಾಂಡವಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕ ಮೇಲೆ, ಸೆರಗು ಬಾಯಿಗೆ ತುರುಕಿಕೊಂಡು, ಇಳಿಯುವವರೆಗೂ ಅತ್ತಳು.