ನೀಲಿ ಷರ್ಟಿನ ನೆಲಹಾಸು

ಕೈ ಬಿಗಿಯಾಗುತ್ತಿದೆಯಲ್ಲ... ಯಾರಾದರೂ ಕಂಡುಹಿಡಿದರೆ?

ಇದೇ ಅವಳ ದಿಗಿಲು. ಕೊಕ್ಕೆಸೂಜಿಯ ಕ್ರೋಶಾ ಹೆಣಿಗೆ ಬಿಗಿಯಾದರೆ ದುಂಡನೆಯ ನೆಲಹಾಸು ನೆಲಕ್ಕೆ ಕೂರುವುದಿಲ್ಲ, ಅಂಚು ಮೇಲೆದ್ದು ಬುಟ್ಟಿಯಾಗುತ್ತದೆ. ಮಡಿಲಲ್ಲಿದ್ದ ನೀಲಿ ಹಾಸು ಆಗಲೇ ಬುಟ್ಟಿಯಾಗಿತ್ತು.

"ಇದರಲ್ಲಿ ಈರುಳ್ಳಿ ತುಂಬಿಡೋಣ ಬಿಡು," ಪಕ್ಕದಲ್ಲಿ ಹಳೆ ಬಟ್ಟೆ ಹರಿಯುತ್ತಿದ್ದ ಚಿಕ್ಕಮ್ಮ ನಕ್ಕಳು. "ಯಾರ ಮೇಲಿನ ಸಿಟ್ಟೇ ಇದು?"

"ಯಾರ ಮೇಲೂ ಇಲ್ಲ ಚಿಕ್ಕಮ್ಮ."

ಹೇಳುವುದಾದರೂ ಹೇಗೆ?

ಪರದೆ ಅಂಗಡಿಯವನು ವಾರವಾರವೂ ತುಂಡು ಬಟ್ಟೆಯ ಚೀಲ ತಂದುಕೊಡುತ್ತಿದ್ದ. ಚೀಲ ಇಳಿಸಿದ ಮೇಲೂ ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದ. ಅವಳು ತಲೆ ತಗ್ಗಿಸಿ ಹೂಂಗುಟ್ಟುತ್ತಿದ್ದಳು. ಮನಸ್ಸಿನದನ್ನು ಬಾಯಿಬಿಟ್ಟು ಹೇಳಲಾಗದ್ದಕ್ಕೇ ಅವನಿಗೊಂದು ನೀಲಿ ಷರ್ಟು ಹೊಲಿದು ಕೊಟ್ಟಿದ್ದಳು. ಅವನು ಅದನ್ನು ಒಮ್ಮೆಯೂ ತೊಡಲಿಲ್ಲ.

ಮೊನ್ನೆ ಅವನ ಅತ್ತಿಗೆ ತಂದಿಟ್ಟುಹೋದ ಚೀಲದಲ್ಲಿ, ಚಿಂದಿಗಳ ನಡುವೆ, ಅದೇ ಷರ್ಟು. ಮಡಿಕೆ ಕೂಡ ಬಿಚ್ಚಿರಲಿಲ್ಲ.

ಬೇಡವೆಂಬುದನ್ನು ಹೀಗೆ ಹೇಳಬೇಕಿತ್ತೇ...

ಕತ್ತರಿ ತೆಗೆದುಕೊಂಡಳು. ತೋಳು, ಬೆನ್ನು, ಎದೆ ಎಲ್ಲವನ್ನೂ ಬೆರಳಗಲದ ಪಟ್ಟಿ ಮಾಡಿ, ಉಂಡೆ ಸುತ್ತಿ, ಹೆಣೆಯಲು ಕೂತಳು. ಅತ್ತದ್ದು ಯಾರಿಗೂ ಕಾಣಲಿಲ್ಲ.

ಈಗ ಬಾಗಿಲಲ್ಲಿ ನೆರಳು ಬಿತ್ತು. ಅವನೇ. ಅವಳು ಹಾಸನ್ನು ಬಟ್ಟೆಯ ರಾಶಿಯೊಳಗೆ ತೂರಿಸಿದಳು.

"ಅತ್ತಿಗೆ ಕೊಟ್ಟ ಚೀಲದಲ್ಲಿ ನನ್ನ ನೀಲಿ ಷರ್ಟು ಬಂತಾ? ಕಪಾಟು ಕ್ಲೀನ್ ಮಾಡ್ತೀನಿ ಅಂತ ಹೊಸದನ್ನೂ ತುಂಬಿಬಿಟ್ಟಿದಾರೆ. ಮನೆಯೆಲ್ಲ ಜಾಲಾಡಿದೆ."

ಅವಳು ರಾಶಿಯ ಮೇಲೆ ಇನ್ನೊಂದು ಬಟ್ಟೆ ಎಳೆದಳು.

"ನೀವದನ್ನ... ಹಾಕ್ಕೊಳ್ತಾನೇ ಇರ್ಲಿಲ್ಲ."

"ನಿಮ್ಮ ಮನೆಯವರ ಹತ್ರ ಮಾತಾಡೋಕೆ ಬರೋ ದಿನಕ್ಕೆ ಅಂತ ಎತ್ತಿಟ್ಟಿದ್ದೆ." ಅವನು ಕತ್ತು ಕೆರೆದುಕೊಂಡ. "ಬಂತಾ?"

"ಬಂದಿಲ್ಲ," ಎಂದುಬಿಟ್ಟಳು.

ಅವನ ಮುಖ ಸಣ್ಣದಾಯಿತು. ಮೆಟ್ಟಿಲಿಳಿಯತೊಡಗಿದ.

ಚಿಕ್ಕಮ್ಮ ಬಟ್ಟೆಯ ರಾಶಿಯನ್ನು ನೋಡಿದಳು, ಅವಳನ್ನು ನೋಡಿದಳು. "ಹೂಂ, ಕೂತಿರು ಹಾಗೇ," ಎಂದಳು.

ಅವಳು ಎದ್ದಳು. ಹಾಸನ್ನು ಎಳೆದುಕೊಂಡು ಓಡಿದಳು. ಮೆಟ್ಟಿಲ ತಿರುವಿನಲ್ಲಿ ಅದನ್ನು ಅವನ ಮುಂದೆ ಹಿಡಿದಳು.

ಅವನಿಗೆ ಬಣ್ಣದ ಗುರುತು ಹತ್ತಿತು. ಹೆಣಿಗೆಯ ಮೇಲೆ ಮೆಲ್ಲಗೆ ಕೈಯಾಡಿಸಿದ. ತಲೆ ಎತ್ತಿದಾಗ ಕಣ್ಣು ತುಂಬಿತ್ತು.

"ಅಷ್ಟೊಂದು ಬೇಡವಾದ್ನಾ ನಾನು?"

"ಇಲ್ಲ... ನಿಮಗೇ ನಾನು ಬೇಡ ಅಂದ್ಕೊಂಡು ಕತ್ತರಿಸಿದೆ."

"ಒಂದು ಮಾತು ಕೇಳಬಾರದಿತ್ತಾ?"

"ಕೇಳೋಕೆ ಭಯ ಆಯ್ತು." ಮೊದಲ ಸಲ ಅವಳು ಅವನ ಮುಖವನ್ನೇ ನೋಡಿದಳು. "ನನಗೆ ನೀವು ಬೇಕು."